ಜಿನಾರುವಿನ ತಾಯಿಯನ್ನು ಎಲ್ಲಿ ಇಡಬೇಕು

ಬರೆಯುವುದು ಲಾರೈಯ ಪಾಲಿಗೆ, ಓದುವುದು ಅವಳ ತಂಗಿ ಬಿಲ್ಕಿಯ ಪಾಲಿಗೆ ಎಂದು ಆ ಮನೆಯಲ್ಲಿ ಯಾರೂ ಹೇಳದೆಯೇ ಗೊತ್ತಾಗಿಹೋಗಿತ್ತು. ಮಧ್ಯಾಹ್ನದ ನಮಾಜು ಮುಗಿದು, ಕಾನೋ ಪಟ್ಟಣದ ಆ ಹಳೆಯ ಕೇರಿಯ ಗಂಡಸರು ಮತ್ತೆ ಅಂಗಡಿಗಳ ಕಡೆ ಹೊರಟರೆಂದರೆ ನಡುಅಂಗಳದ ಬೇವಿನ ಮರದಡಿ ಚಾಪೆ ಬೀಳುತ್ತಿತ್ತು. ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಯ ದೇಲು ಬರುತ್ತಿದ್ದಳು. ಅವಳ ಹಿಂದೆಯೇ ಬಾಚಣಿಗೆ ಹಿಡಿದ ತಬಾವಾ. ಒಬ್ಬಳ ತಲೆ ಇನ್ನೊಬ್ಬಳ ಮಡಿಲಲ್ಲಿ, ಬೆರಳುಗಳು ಜಡೆಯಲ್ಲಿ, ಕಿವಿ ಮಾತ್ರ ಬಿಲ್ಕಿಯ ಬಾಯಿಯ ಕಡೆ. ಬಿಲ್ಕಿ ಓದುತ್ತಿದ್ದಳು ಅನ್ನುವುದಕ್ಕಿಂತ ಆಡಿ ತೋರಿಸುತ್ತಿದ್ದಳು ಅನ್ನಬೇಕು. ಮುದುಕಿ ಬಂದರೆ ಬೆನ್ನು ಬಾಗಿಸುತ್ತಿದ್ದಳು, ಮೇಷ್ಟರು ಬಂದರೆ ಮೂಗಿನಲ್ಲಿ ಮಾತಾಡುತ್ತಿದ್ದಳು.

ಬರೆದವಳು ಕೋಣೆಯೊಳಗೆ, ಪರದೆಯ ಹಿಂದೆ. ತನ್ನದೇ ವಾಕ್ಯಗಳು ಇನ್ನೊಬ್ಬರ ಬಾಯಲ್ಲಿ ಹೊರಬಂದು ಬಿಸಿಲಿಗೆ ನಿಲ್ಲುವುದನ್ನು ಕೇಳುತ್ತ, ಲಾರೈ ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಪದವಿ ಮುಗಿಸಿದ ಹುಡುಗಿ, ನಾಲ್ಕು ಜನರೆದುರು ತನ್ನ ಹೆಸರು ಹೇಳುವುದಕ್ಕೂ ಹಿಂಜರಿಯುತ್ತಿದ್ದಳು.

ಹೆಸರಿನ ಮಾತಿಗೆ ಬಂದರೆ, ಆ ಮನೆಯಲ್ಲಿ ಅವಳ ಹೆಸರನ್ನು ಎಂದೂ ಹೇಳದ ಒಬ್ಬರಿದ್ದರು. ಅವಳ ತಾಯಿ. ಲಾರೈ ಚೊಚ್ಚಲು. ಚೊಚ್ಚಲ ಮಗುವಿನ ಹೆಸರನ್ನು ಹೆತ್ತವಳು ಬಾಯಿಬಿಟ್ಟು ಕರೆಯುವುದಿಲ್ಲ. ಜನರ ಮುಂದೆ ಅದನ್ನು ಎತ್ತಿ ಆಡಿಸುವುದಿಲ್ಲ, ಅದು ಅತ್ತರೆ ಓಡಿಹೋಗುವುದಿಲ್ಲ. ಮೊಲೆ ಬಿಡಿಸಿದ ಮೇಲೆ ಅಜ್ಜಿಯ ಮನೆಗೆ ಕಳಿಸಿಕೊಡುತ್ತಾಳೆ. ನಾಚಿಕೆ ಗೊತ್ತಿರುವ ಹೆಂಗಸಿನ ನಡತೆ ಅದು. ಲಾರೈ ಹಾಗೇ ತೋಫಾ ಹಳ್ಳಿಯಲ್ಲಿ ಇಯಾ ಅನ್ನುವ ಅಜ್ಜಿಯ ಹತ್ತಿರ ಬೆಳೆದಳು. ಕಾಲೇಜು ಓದುವ ಹೊತ್ತಿಗೆ ಪಟ್ಟಣಕ್ಕೆ, ತಂದೆತಾಯಿಯ ಮನೆಗೆ ಬಂದಳು. ಬಂದಮೇಲೂ ಉಮ್ಮಾ ಅವಳೊಡನೆ ಮಾತಾಡುತ್ತಿದ್ದದ್ದು ಬಿಲ್ಕಿಯ ಮೂಲಕ. "ಬಿಲ್ಕಿ, ಒಳಗಿದ್ದಾಳಲ್ಲ ಅವಳಿಗೆ ಹೇಳು, ಊಟ ಆರ್ತಿದೆ." ಬಿಲ್ಕಿ ಮನೆಯಲ್ಲಿ ಇಲ್ಲದಿದ್ದರೆ ಮೇಕೆಯ ಮೂಲಕ. "ಏ ಮೇಕೆ, ಮೋಡ ಕಟ್ಟಿದೆ. ಒಣಗಿಹಾಕಿದ ಬಟ್ಟೆ ತೆಗೆಯೋರು ಯಾರಾದ್ರೂ ಇದ್ದಾರಾ ಈ ಮನೇಲಿ?" ಮೇಕೆ ಬಾಯಾಡಿಸುತ್ತಿತ್ತು, ಲಾರೈ ಎದ್ದು ಬಟ್ಟೆ ತೆಗೆಯುತ್ತಿದ್ದಳು.

ಅವಳು ಬರೆಯುತ್ತಿದ್ದದ್ದು ಜಿನಾರು ಎಂಬ ಹುಡುಗಿಯ ಕಥೆ. ಜಿನಾರು ಕೂಡ ಚೊಚ್ಚಲು, ಅವಳೂ ಅಜ್ಜಿಯ ಮನೆಯಲ್ಲಿ ಬೆಳೆಯುವವಳು. ಊರಿನ ಹೆಸರು ಬೇರೆ, ತಂದೆಯ ಕಸುಬು ಬೇರೆ. ಕೇರಿಯಲ್ಲಿ ಅರ್ಧಕ್ಕರ್ಧ ಜನ ಅಜ್ಜಿಯರ ಕೈಯಲ್ಲೇ ಬೆಳೆದವರಾದ್ದರಿಂದ ಇದು ಯಾರ ಕಥೆಯೆಂದು ಹುಡುಕುವುದಕ್ಕೆ ಯಾರೂ ಹೋಗಲಿಲ್ಲ. ಎಲ್ಲರಿಗೂ ತಮ್ಮದೇ ಅನ್ನಿಸಿತ್ತು. ಜಿನಾರು ಬಾವಿಗೆ ಇಣುಕುವುದು, ಜಿನಾರುವಿಗೆ ಸಿಡುಬಿನಂಥ ಗುಳ್ಳೆಗಳಾಗುವುದು, ಹಾಲಿನವಳು ಅವಳನ್ನು ರೇಗಿಸುವುದು, ಅಜ್ಜಿ ಅವಳಿಗೆ ಶೇಂಗಾದ ಕುಲಿಕುಲಿ ತಿಂಡಿ ಕೊಡುವುದು. ಒಂದೊಂದು ಅಧ್ಯಾಯವೂ ಚೆನ್ನಾಗಿಯೇ ಇತ್ತು.

ತಾಯಿ ಮಾತ್ರ ಆ ಕಥೆಯಲ್ಲಿ ಬರುತ್ತಲೇ ಇರಲಿಲ್ಲ. ಜಿನಾರು ದಾರಿ ನೋಡುತ್ತಾಳೆ, ತಾಯಿ ಬರುವುದಿಲ್ಲ. ಹಬ್ಬಕ್ಕೆ ಬಟ್ಟೆ ಬರುತ್ತದೇನೋ ಎಂದು ಕಾಯುತ್ತಾಳೆ, ಬರುವುದಿಲ್ಲ.

"ನಾಚಿಕೆ ಸರಿ ಕಣೇ," ಎಂದು ದೇಲು ಶುರುಮಾಡುತ್ತಿದ್ದಳು. "ನನ್ನ ದೊಡ್ಡವನ ಹೆಸರನ್ನ ಇವತ್ತಿಗೂ ನಾನು ಹೇಳಲ್ಲ. ಅವನಿಗೆ ಗಡ್ಡ ಬೆಳ್ಳಗಾಗ್ತಾ ಇದೆ. ಆದ್ರೆ ಕದ್ದುಮುಚ್ಚಿ ಒಂದು ಅಂಗಿ, ಒಂದು ಹಿಡಿ ಖರ್ಜೂರ ಕಳಿಸ್ದೇ ಇರ್ತೀವಾ? ಯಾರು ಕಳಿಸಲ್ಲ? ಇವಳು ಹೆತ್ತವಳಾ, ಏನು?"

"ಮೇಕೆ ಸಹ ಮರಿ ಕೂಗಿದ್ರೆ ತಿರುಗಿ ನೋಡುತ್ತೆ," ಎನ್ನುತ್ತಿದ್ದಳು ತಬಾವಾ.

"ಇಂಥವಳ ಗಂಡ ಎರಡನೇ ಮದುವೆ ಆಗ್ಬೇಕು. ಬರೆಯೋಕೆ ಹೇಳು ಬಿಲ್ಕಿ ನಿಮ್ಮಕ್ಕಂಗೆ. ಬಾಯಿಬಡುಕಿ ಸವತಿ ಬರಲಿ."

ಅವರ ನಡುವೆ ಕೂತು ಉಮ್ಮಾ ಶೇಂಗಾ ಹಿಟ್ಟನ್ನು ಹಿಂಡುತ್ತಿದ್ದಳು. ಕುಲಿಕುಲಿ ಅವಳ ಕಸುಬು. ಹುರಿದು ಬೀಸಿ ತಂದ ಶೇಂಗಾವನ್ನು ಬಿಸಿನೀರು ಚಿಮುಕಿಸಿ ನಾದಿ ನಾದಿ, ಎಣ್ಣೆಯನ್ನೆಲ್ಲ ಹಿಂಡಿ ತೆಗೆದು, ಉಳಿದ ಗಟ್ಟಿ ಹಿಟ್ಟನ್ನು ಹಲಗೆಯ ಮೇಲೆ ಹೊಸೆದು, ಬಳೆಯ ಹಾಗೆ ಸುತ್ತಿ, ಅದೇ ಎಣ್ಣೆಯಲ್ಲಿ ಕರಿಯುತ್ತಿದ್ದಳು. ದೇಲು ಆಡಿಕೊಂಡಾಗಲೂ ತಬಾವಾ ಮೂಗು ಮುರಿದಾಗಲೂ ಅವಳ ಕೈ ಹಿಟ್ಟನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಂಡುತ್ತಿತ್ತು. ಪರದೆಯ ಸೀಳಿನಲ್ಲಿ ಲಾರೈಗೆ ಆ ಕೈ ಕಾಣಿಸುತ್ತಿತ್ತು. ಅವಳಿಗೆ ಒಂದು ಕಡೆ ಭಯ. ಇನ್ನೊಂದು ಕಡೆ, ಹೇಳಿಕೊಳ್ಳಲಾಗದಂಥ ಒಂದು ಸಣ್ಣ ಸಮಾಧಾನ. ಯಾರಾದರೂ ಕೇಳುತ್ತಿದ್ದಾರಲ್ಲ ಕೊನೆಗೂ, ಎಂದು.

ಕೊನೆಯ ಅಧ್ಯಾಯ ಓದಿದ ದಿನ ಎಲ್ಲ ಕೆಟ್ಟಿತು.

ಆ ಅಧ್ಯಾಯವನ್ನು ಲಾರೈ ಅಳುತ್ತ ಬರೆದಿದ್ದಳು. ಜಿನಾರುವಿನ ಮದುವೆಯ ಹಿಂದಿನ ದಿನ. ತುಂಬಿದ ಸಂತೆ. ಜನರನ್ನು ಸೀಳಿಕೊಂಡು ಓಡಿಬರುತ್ತಾಳೆ ತಾಯಿ, ತಲೆವಸ್ತ್ರ ಜಾರಿದೆ, ಕಾಲಲ್ಲಿ ಚಪ್ಪಲಿ ಇಲ್ಲ. "ಜಿನಾರೂ, ನನ್ನ ಮಗಳೇ, ನನ್ನ ಜಿನಾರೂ" ಎಂದು ಊರು ಕೇಳುವ ಹಾಗೆ ಕೂಗುತ್ತಾಳೆ. ಬಿಲ್ಕಿ ಎದ್ದು ನಿಂತು, ಕೈ ಚಾಚಿ ಓದಿದಳು.

 ಮೊದಲು ತಬಾವಾ ಕಿಸಕ್ಕೆಂದಳು. ದೇಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮತಿಗೆಟ್ಟಿತಾ ಅವಳಿಗೆ? ಸಂತೇಲಿ? ಚೊಚ್ಚಲ ಮಗಳ ಹೆಸರು ಹಿಡ್ಕೊಂಡು?"

"ಬಿಸಿಲು ಹೊಡೆದಿರಬೇಕು ಪಾಪ."

"ಅಲ್ಲಾ, ಇಷ್ಟು ವರ್ಷ ಬಂಡೆಕಲ್ಲಾಗಿದ್ದವಳು ಒಂದೇ ಪುಟದಲ್ಲಿ ಹೇಗೆ ಕರಗಿದಳು? ಮಧ್ಯದಲ್ಲಿ ನೀನೇನಾದ್ರೂ ಪುಟ ಹಾರಿಸಿದ್ಯಾ ಬಿಲ್ಕಿ?"

"ಇಲ್ಲ ದೇಲು ಅತ್ತೆ. ಇಷ್ಟೇ ಇರೋದು," ಎಂದಳು ಬಿಲ್ಕಿ, ಸೋತ ದನಿಯಲ್ಲಿ.

ಉಮ್ಮಾ ಕೈ ತೊಳೆದುಕೊಂಡು ಎದ್ದಳು. ಹಿಟ್ಟಿನ ತಟ್ಟೆ ಎತ್ತಿಕೊಂಡು ಅಡಿಗೆಮನೆಯ ಹಿಂಭಾಗಕ್ಕೆ ಹೋದಳು. ಮಾರನೆಯ ದಿನವೂ ತಟ್ಟೆ ಅಲ್ಲೇ ಇತ್ತು. ಅದರ ಮಾರನೆಯ ದಿನವೂ. ನೆರಳಿಲ್ಲದ ಜಾಗ, ಒಲೆಯ ಹೊಗೆ ತಿರುಗಿ ಮುಖಕ್ಕೇ ಬರುವ ಜಾಗ. ದೇಲು ಕರೆದರೆ, "ನೀವು ಓದ್ಕೊಳ್ಳಿ, ನನಗೆ ಕೆಲಸ ಇದೆ," ಎಂದಳು. ಬಿಲ್ಕಿಯ ಮೂಲಕ ಬರುತ್ತಿದ್ದ ಊಟದ ಕರೆಯೂ ನಿಂತಿತು. ಮೇಕೆಯೊಡನೆ ಕೂಡ ಅವಳು ಮಾತಾಡಲಿಲ್ಲ.

ತಾನು ಎಷ್ಟು ದೊಡ್ಡ ತಪ್ಪು ಮಾಡಿದ್ದೇನೆಂದು ಲಾರೈಗೆ ಆಗ ತಿಳಿಯಿತು. ಕೇರಿಯ ಹೆಂಗಸರ ಬಾಯಿಗೆ ತಾಯಿಯನ್ನು ಹಾಕಿಕೊಟ್ಟು, ಕೊನೆಗೆ ಸಂತೆಯಲ್ಲಿ ತಲೆ ಬರಿದಾಗಿಸಿ ಓಡಿಸಿ, ನಗೆಪಾಟಲು ಮಾಡಿಬಿಟ್ಟಿದ್ದಳು. ಮಾತಿಲ್ಲದಿದ್ದರೂ ಅವರಿಬ್ಬರ ನಡುವೆ ಏನೋ ಒಂದಿತ್ತು. ಊಟ ಆರುತ್ತಿದೆ, ಮೋಡ ಕಟ್ಟಿದೆ. ಅದೂ ಈಗ ಹೋಯಿತು. ಕಥೆ ಸರಿಹೋಗದಿದ್ದರೆ ಅದು ತಿರುಗಿ ಬರುವ ಹಾಗಿರಲಿಲ್ಲ. ಸುಟ್ಟುಹಾಕೋಣವೆಂದರೆ, ಸುಟ್ಟ ಕಥೆಯನ್ನು ಕೇಳಿದವರು ಮರೆಯುತ್ತಾರೆಯೇ?

ಶನಿವಾರ ಹಜಿಯಾ ಬಲರಾಬಾಳ ಹೊಲಿಗೆ ಅಂಗಡಿಗೆ ಹೋದಳು. ಬರೆಯುವ ಹೆಂಗಸರ ಕೂಟ ಅಲ್ಲೇ ಸೇರುತ್ತಿತ್ತು, ಅರ್ಧ ಹೊಲಿದ ರವಿಕೆಗಳ ನಡುವೆ. ಹಜಿಯಾ ಒಂದು ಕಾಲಕ್ಕೆ ಹುಡುಗಿಯರು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದ ಪುಸ್ತಕಗಳ ಲೇಖಕಿ. ಈಗ ಹೊಸಬರ ಕಥೆಗಳನ್ನು ನೋಡಿ, ತಿದ್ದಿ, ಉಪವಾಸದ ತಿಂಗಳಿಗೆ ಮೊದಲು ಅಚ್ಚಿಗೆ ಕಳಿಸುವ ಕೆಲಸ ಹಚ್ಚಿಕೊಂಡಿದ್ದಳು. ಪ್ರತಿ ಕಥೆಯೂ ಎರಡು ತೆಳು ಭಾಗಗಳಾಗಿ ಸಂತೆಗೆ ಬರುತ್ತಿತ್ತು.

ಲಾರೈಯ ಕಥೆಯನ್ನು ಅವಳು ಆಗಲೇ ಓದಿದ್ದಳು. ಒಂದು ಅಧ್ಯಾಯಕ್ಕೆ ಒಂದರಂತೆ ಇದ್ದ ನೋಟ್‌ಬುಕ್ಕುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದಳು.

"ಕೂತ್ಕೋ ಮಗಳೇ. ಮುಖ ಯಾಕೆ ಹುಣಸೇಹುಳಿ ಗಂಜಿ ಕುಡಿದವಳ ಹಾಗಿದೆ? ನೋಡು ಇಲ್ಲಿ." ಬಾವಿಯ ಅಧ್ಯಾಯವನ್ನೆತ್ತಿ ಗುಳ್ಳೆಗಳ ಅಧ್ಯಾಯದ ಜಾಗದಲ್ಲಿ ಇಟ್ಟಳು, ಗುಳ್ಳೆಗಳದ್ದನ್ನು ಹಾಲಿನವಳ ಜಾಗದಲ್ಲಿ. "ಈಗ ಹೇಳು. ಏನಾದ್ರೂ ಕೆಟ್ಟಿತಾ?"

ಲಾರೈ ನೋಡಿದಳು. "ಇಲ್ಲ."

"ಅದೇ ಕೆಟ್ಟಿರೋದು. ಯಾವುದು ಎಲ್ಲಿದ್ರೂ ನಡೆಯುತ್ತೆ ಅಂದ್ರೆ ಅದು ಇನ್ನೂ ಕಥೆ ಆಗಿಲ್ಲ ಅಂತ. ತುಂಡು ಬಟ್ಟೆ ಚೆನ್ನಾಗಿದೆ, ನಾನೇ ಹೇಳ್ತೀನಿ, ಒಂದೊಂದೂ ಚೆನ್ನಾಗಿದೆ. ಆದ್ರೆ ತೋಳು ಯಾವುದು, ಕತ್ತು ಯಾವುದು? ಇದನ್ನ ತಲೆ ಮೇಲೆ ಹಾಕ್ಕೊಂಡ್ರೆ ಕೈ ಎಲ್ಲಿಂದ ಹೊರಗೆ ಬರಬೇಕು?" ಕೊನೆಯ ನೋಟ್‌ಬುಕ್ಕನ್ನು ಬೆರಳಲ್ಲಿ ತಟ್ಟಿದಳು. "ಇನ್ನು ಇದು. ಇದನ್ನ ಎಲ್ಲೂ ಇಡೋಕಾಗಲ್ಲ."

"ಹೆಂಗಸರು ನಕ್ಕರು," ಎಂದಳು ಲಾರೈ, ನೆಲಕ್ಕೆ.

"ನಗದೆ ಇನ್ನೇನು. ಆ ತಾಯಿ ಇಷ್ಟು ವರ್ಷ ಎಲ್ಲಿದ್ದಳು, ಏನು ಮಾಡ್ತಿದ್ದಳು, ನಿನಗೇ ಗೊತ್ತಿಲ್ಲ. ಗೊತ್ತಿಲ್ಲದವಳನ್ನ ಕೊನೇಲಿ ಎಳ್ಕೊಂಡು ಬಂದು, ನಿನಗೆ ಬೇಕಾದ್ದನ್ನ ಅವಳ ಬಾಯಲ್ಲಿ ಹೇಳಿಸಿದೀಯ. ಅವಳು ಹೇಳಲ್ಲ ಅದನ್ನ. ನೀನೂ ನಮ್ಮವಳೇ, ನಿನಗೆ ಗೊತ್ತಿಲ್ವಾ?"

ಲಾರೈ ಆ ಕೊನೆಯ ನೋಟ್‌ಬುಕ್ಕನ್ನು ಮಡಿಲಿಗೆ ಎಳೆದುಕೊಂಡಳು.

"ತಾಯಿ ಏನು ಮಾಡ್ತಿದ್ದಳು ಅಂತ ಹುಡುಕು. ಅದು ಸಿಕ್ಕರೆ ಉಳಿದದ್ದು ತಾನೇ ಸಾಲಾಗಿ ನಿಲ್ಲುತ್ತೆ."

"ಯಾರನ್ನ ಕೇಳಲಿ ಹಜಿಯಾ?"

"ಬರೆದೋಳು ನೀನು. ನನ್ನ ಕೇಳ್ತೀಯಲ್ಲ," ಎಂದು ಹಜಿಯಾ ಮಿಷಿನ್ನಿನ ಕಡೆ ತಿರುಗಿದಳು.

ಕೇಳುವುದಾದರೆ ಒಬ್ಬಳನ್ನೇ ಕೇಳಬೇಕು. ಅವಳನ್ನು ಕೇಳುವಂತಿಲ್ಲ. ಇಯಾ ಇದ್ದಿದ್ದರೆ ಅವಳ ಸೊಂಟಕ್ಕೆ ಜೋತುಬಿದ್ದು ಕೇಳಬಹುದಿತ್ತು. ಇಯಾ ಹಿಂದಿನ ವರ್ಷ ಸುಗ್ಗಿಯಲ್ಲಿ ತೀರಿಕೊಂಡಿದ್ದಳು. ಲಾರೈ ಮನೆಗೆ ಬಂದು ಇದನ್ನೆಲ್ಲ ಬಿಲ್ಕಿಗೆ ಹೇಳಿದಳು. ಹೇಳಿದ್ದು ಸಂಕಟ ತೋಡಿಕೊಳ್ಳುವುದಕ್ಕೆ. ಬಿಲ್ಕಿಯ ತಲೆ ಬೇರೆ ಕಡೆ ಓಡಿತು.

ಮಾರನೆಯ ದಿನ ಉಮ್ಮಾ ಅಡಿಗೆಮನೆಯ ಹಿಂದೆ ಬಳೆ ಸುತ್ತುತ್ತಿದ್ದಳು. ಸ್ವಲ್ಪ ದೂರದಲ್ಲಿ ಲಾರೈ ಅತ್ತ ಬೆನ್ನು ಮಾಡಿ ಕೂತು ಹುರಿದ ಶೇಂಗಾದ ಸಿಪ್ಪೆ ಕೇರುತ್ತಿದ್ದಳು. ಬಿಲ್ಕಿ ಬಂದು ತಾಯಿಯ ಪಕ್ಕ ಕುಕ್ಕರಿಸಿದಳು.

"ಉಮ್ಮಾ, ಅಕ್ಕಂಗೆ ಕಥೆ ಮುಂದೆ ಹೋಗ್ತಾ ಇಲ್ಲವಂತೆ."

ಉಮ್ಮಾ ಹಿಟ್ಟು ಹೊಸೆದಳು.

"ಜಿನಾರುವಿನ ತಾಯಿ ಅಷ್ಟು ವರ್ಷ ಏನು ಮಾಡ್ತಿದ್ದಳು ಅಂತ ಅವಳಿಗೆ ಗೊತ್ತಿಲ್ಲವಂತೆ. ಹಜಿಯಾ ಬೈದರಂತೆ. ನಿನಗೇನಾದ್ರೂ ಹೊಳೆಯುತ್ತಾ? ಕಥೇಲಿ, ಅಂತ."

 ಲಾರೈಯ ಮೊರ ಕೈಯಲ್ಲಿ ಹಾಗೇ ನಿಂತಿತು.  ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಉಮ್ಮಾ ಇನ್ನೊಂದು ಬಳೆ ಸುತ್ತಿಟ್ಟು, ಹಲಗೆಗೆ ಹೇಳುವವಳ ಹಾಗೆ ಹೇಳಿದಳು:

"ಆ ಜಿನಾರು, ಅಜ್ಜಿ ಮನೇಲಿ ಕುಲಿಕುಲಿ ತಿಂತಾಳಲ್ಲ."

"ತಿಂತಾಳೆ. ಎಲ್ಲಾ ಅಧ್ಯಾಯದಲ್ಲೂ ತಿಂತಾಳೆ, ಹೊಟ್ಟೆಬಾಕಿ."

"ಎಷ್ಟು ದೊಡ್ಡದು ಅಂತ ಬರೆದಿದ್ದಾಳೆ?"

ಬಿಲ್ಕಿ ನೆನಪು ಮಾಡಿಕೊಂಡಳು. "ಉಂಗುರದ ಹಾಗೆ ಬೆರಳಿಗೆ ಹಾಕ್ಕೊಂಡು, ಒಂದೊಂದೇ ಕಚ್ಚಿ ತಿಂತಾಳೆ ಅಂತ."

"ಅಷ್ಟು ಚಿಕ್ಕದು ಯಾವ ಸಂತೇಲಿ ಮಾರ್ತಾರೆ?" ಉಮ್ಮಾ ಸುತ್ತಿದ ಬಳೆಯೊಂದನ್ನು ಎತ್ತಿ ತೋರಿಸಿದಳು. ಅದು ಮಣಿಕಟ್ಟಿಗೆ ಆಗುವಷ್ಟಿತ್ತು. "ಮಾರೋದು ಇದು. ಚಿಕ್ಕದು ಎಣ್ಣೇಲಿ ಬಿಟ್ಟ ತಕ್ಷಣ ಕರಕಲಾಗುತ್ತೆ. ಅದನ್ನ ಬೇರೆ ಇಟ್ಟು, ಮನೇಲಿ ಯಾರೂ ಇಲ್ಲದ ಹೊತ್ತು ನೋಡಿ, ಉರಿ ತಗ್ಗಿಸಿ, ಕಣ್ಣು ಕೀಳದೆ ಕೂತು ಕರೀಬೇಕು."

ಬಿಲ್ಕಿ ಆ ಬಳೆಯನ್ನು ತನ್ನ ಬೆರಳಿನ ಪಕ್ಕ ಹಿಡಿದು ನೋಡಿದಳು.

"ಹಳ್ಳಿಯಿಂದ ಹಾಲು ತರೋ ಫುಲಾನಿ ಹೆಂಗಸು ಇರ್ತಾಳಲ್ಲ," ಎಂದಳು ಉಮ್ಮಾ. "ಹಾಲು ಮಾರಿದ ಮೇಲೆ ಸೋರೆಬುರುಡೆ ಹೊತ್ಕೊಂಡು ವಾಪಸು ಹೋಗ್ತಾಳೆ. ಬುರುಡೆ ಖಾಲೀನೇ ಹೋಗ್ಬೇಕು ಅಂತ ಎಲ್ಲಿದೆ?"

"ಇಲ್ಲ," ಎಂದಳು ಬಿಲ್ಕಿ ಮೆಲ್ಲಗೆ.

"ಮಗು ಬೆಳೆದ ಹಾಗೆ ಬೆರಳೂ ಬೆಳೆಯುತ್ತೆ. ಆ ಹೆಂಗಸು ಹುಲ್ಲುಕಡ್ಡೀನ ಮಗೂ ಬೆರಳಿಗೆ ಸುತ್ತಿ, ಗಂಟು ಹಾಕಿ, ತಂದು ತೋರಿಸ್ತಾಳೆ. ಈ ಮಳೆಗಾಲಕ್ಕೆ ಇಷ್ಟಾಗಿದೆ, ಅಂತ. ತಾಯಿ ಆ ಗಾತ್ರಕ್ಕೆ ಸುತ್ತುತ್ತಾಳೆ." ಬಾಣಲೆಗೆ ಬಳೆಗಳನ್ನು ಬಿಟ್ಟಳು. ಎಣ್ಣೆ ಚರ್ರೆಂದಿತು. "ಕಥೇಲಿ ಹೇಳ್ತಿದೀನಿ."

"ಗೊತ್ತು ಉಮ್ಮಾ. ಕಥೇಲಿ."

ಲಾರೈ ಮೊರವನ್ನು ನೆಲಕ್ಕಿಟ್ಟು, ತಿರುಗಿ ನೋಡದೆ ಕೋಣೆಗೆ ಹೋದಳು.

ನೋಟ್‌ಬುಕ್ಕುಗಳನ್ನು ಹರಡಿಕೊಂಡಳು. ಅವಳೇ ಬರೆದದ್ದು, ತೋಫಾದ ನೆನಪುಗಳಿಂದ ಹಾಗೇ ಎತ್ತಿಕೊಂಡದ್ದು. ಬಾವಿಯ ಅಧ್ಯಾಯದಲ್ಲಿ ಉಂಗುರದಂಥ ಕುಲಿಕುಲಿ ನೀರಿಗೆ ಬೀಳುತ್ತದೆ, ಅದಕ್ಕೇ ಜಿನಾರು ಇಣುಕುವುದು. ಗುಳ್ಳೆಗಳ ಅಧ್ಯಾಯದಲ್ಲಿ ಊದಿದ ಬೆರಳಿಗೆ ಅದು ತೂರುವುದಿಲ್ಲ. ಹಾಲಿನವಳು ಕುಂಬೋ ಬಂದಾಗಲೆಲ್ಲ ಜಿನಾರುವಿನ ಬೆರಳಿಗೆ ಹುಲ್ಲು ಸುತ್ತಿ, "ನನ್ನ ಮಗನಿಗೆ ನಿನ್ನ ತಂದ್ಕೋತೀನಿ ಕಣೇ, ಇದೇ ನಿಶ್ಚಿತಾರ್ಥ," ಎಂದು ರೇಗಿಸುತ್ತಾಳೆ. ಆಮೇಲೆ ಆ ಹುಲ್ಲಿನ ಉಂಗುರವನ್ನು ಬಿಚ್ಚಿ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಯಾಕೆ ಕಟ್ಟಿಕೊಂಡು ಹೋಗುತ್ತಾಳೆ ಎಂದು ಲಾರೈ ಬರೆದಿರಲಿಲ್ಲ. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು ಅಷ್ಟೆ. ಯಾರು ಕೊಟ್ಟರೆಂದು ಕೇಳಿದರೆ ಇಯಾ ಮಡಕೆಯ ಮುಚ್ಚಳ ತೆಗೆದು, "ಎಲ್ಲಿಂದಲೋ ಬಂತು, ತಿನ್ನು," ಎನ್ನುತ್ತಿದ್ದಳು. ಮಗಳ ನಾಚಿಕೆಯನ್ನು ಮುಚ್ಚಿಡುವುದು ಇಯಾಳ ಕರ್ತವ್ಯವಾಗಿತ್ತು. ಜೊತೆಗೆ, ಕುಲಿಕುಲಿ ಅಜ್ಜಿಯದೇ ಎಂದು ಮೊಮ್ಮಗಳು ತಿಳಿದುಕೊಂಡರೆ ಅದು ಇಯಾಗೆ ಅಷ್ಟೇನೂ ಬೇಸರದ ವಿಷಯವಾಗಿರಲಿಲ್ಲ, ಎಂದು ಲಾರೈಗೆ ಈಗ ಅನ್ನಿಸಿ, ಕಣ್ಣೀರಿನ ನಡುವೆ ನಗು ಬಂತು.

ಪಟ್ಟಣಕ್ಕೆ ಬಂದಮೇಲೆ ಅವಳು ಕಂಡದ್ದೆಲ್ಲ ಮಣಿಕಟ್ಟಿನ ಗಾತ್ರದ ಬಳೆಗಳನ್ನೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಈಗ ಅಧ್ಯಾಯಗಳು ತಾವಾಗಿ ಜಾಗ ಕೇಳಿದವು. ತಾಯಿ ಕಿರುಬೆರಳಿನ ಗಾತ್ರದ ಉಂಗುರ ಕರಿಯುವ ಹೊಸ ಅಧ್ಯಾಯ ಮೊದಲು. ಬಾವಿ ಅದಾದಮೇಲೆ. ಉಂಗುರ ದೊಡ್ಡದಾಗುತ್ತ ಹೋದ ಹಾಗೆ ಜಿನಾರು ಎತ್ತರವಾಗುತ್ತ ಹೋದಳು. ಉಳಿದ ಅಧ್ಯಾಯಗಳನ್ನು ಹೊಸದಾಗಿ ಬರೆಯಬೇಕಾಗಲಿಲ್ಲ. ಎಲ್ಲೋ ಒಂದು ವಾಕ್ಯ, ಎಲ್ಲೋ ಒಂದು ಹುಲ್ಲುಕಡ್ಡಿ. ಸಂತೆಯಲ್ಲಿ ಓಡಿಬರುವ ತಾಯಿಯನ್ನು ಹರಿದು ಹಾಕಿದಳು. ಕೊನೆಗೆ, ಮದುವೆಯಾಗಿ ಹೋಗುವ ಮುಂಚೆ ಜಿನಾರುವೇ ತನ್ನ ಬೆಳೆದ ಬೆರಳಿಗೆ ಹುಲ್ಲು ಸುತ್ತಿ, ಗಂಟು ಹಾಕಿ, ಹಾಲಿನವಳ ಬುರುಡೆಯಲ್ಲಿ ಇಟ್ಟು ಕಳಿಸುತ್ತಾಳೆ. ಅಷ್ಟೆ. ಹೆಸರು ಯಾರೂ ಕರೆಯುವುದಿಲ್ಲ.

ಹಜಿಯಾ ಓದಿ ಮುಗಿಸಿ, ಎರಡು ನೋಟ್‌ಬುಕ್ಕುಗಳನ್ನು ಅದಲುಬದಲು ಮಾಡಲು ನೋಡಿದಳು. ಆಗಲಿಲ್ಲ. ಬೆರಳು ಹಿಂದಕ್ಕೆ ಬೆಳೆಯುವುದಿಲ್ಲವಲ್ಲ. ಅಡಿಕೆಯ ಹಾಗೆ ಅಗಿಯುವ ಕೋಲಾ ಕಾಯಿಯೊಂದನ್ನು ಮುರಿದು ಅರ್ಧ ಲಾರೈಗೆ ಕೊಟ್ಟಳು.

"ಈಗ ಇದಕ್ಕೆ ಕೈಕಾಲು ಬಂತು. ಒಂದೇ ಒಂದು ತಪ್ಪು. ಉಂಗುರ ಕರೀತಾ ಇರೋದು ತಾಯಿ ಅಂತ ಮೊದಲ ಅಧ್ಯಾಯದಲ್ಲೇ ಹೇಳಿಬಿಟ್ಟಿದೀಯ. ಅದನ್ನ ತೆಗೆದು ಕೊನೆಗೆ ಹಾಕು. ಓದೋರು ಎರಡು ಭಾಗ ಪೂರ್ತಿ ಅವಳನ್ನ ಬೈಲಿ. ಬಾಯಿ ನೋಯೋವರೆಗೂ ಬೈಲಿ. ಕಟ್ಟಕಡೇ ಪುಟದಲ್ಲಿ ಗುಟ್ಟು ಬಿಚ್ಚಿದ್ರೆ, ಇಡೀ ಊರು ಅಳುತ್ತೆ."

ಅದು ನಿಜವೆಂದು ಲಾರೈಗೆ ಗೊತ್ತಿತ್ತು. ಅವಳೂ ಎರಡು ರೀತಿಯಲ್ಲಿ ಇಟ್ಟು ನೋಡಿದ್ದಳು. ಕೊನೆಗೆ ಇಟ್ಟರೆ ಎದೆಗೆ ಗುದ್ದಿದ ಹಾಗಾಗುತ್ತಿತ್ತು.

"ಬೇಡ ಹಜಿಯಾ," ಎಂದಳು.

ಹಜಿಯಾ ಕನ್ನಡಕದ ಮೇಲಿಂದ ನೋಡಿದಳು. ಈ ಹುಡುಗಿ ಯಾವುದಕ್ಕೂ ಬೇಡ ಎಂದದ್ದನ್ನು ಅವಳು ಕೇಳಿರಲಿಲ್ಲ. "ಮೊದಲೇ ಹೇಳಿಬಿಟ್ಟರೆ ಮುಂದಕ್ಕೆ ಓದೋಕೆ ಏನು ಉಳೀತು?"

"ಓದೋರಿಗೆ ಗೊತ್ತಿರುತ್ತೆ. ಜಿನಾರುಗೆ ಗೊತ್ತಿರಲ್ಲ." ಲಾರೈ ನೆಲ ನೋಡುತ್ತಲೇ ಮುಂದುವರಿಸಿದಳು. "ಅವಳು ಅದನ್ನ ಬೆರಳಿಗೆ ಹಾಕ್ಕೊಂಡು, ನಮ್ಮಮ್ಮ ಏನೂ ಕಳಿಸಲಿಲ್ಲ ಅಂತ ದಾರಿ ನೋಡ್ತಾಳಲ್ಲ. ಓದೋರಿಗೆ ಅವಳ ಕೈ ಹಿಡಿದು ಹೇಳೋಣ ಅನ್ನಿಸುತ್ತೆ. ಹೇಳೋಕಾಗಲ್ಲ. ಅದೇ ಉಳಿಯೋದು."

ಹಜಿಯಾ ಸ್ವಲ್ಪ ಹೊತ್ತು ಕೋಲಾ ಅಗಿದಳು. "ಅದೂ ಒಂದು ದಾರಿ. ಆದ್ರೆ ನೀನು ಇದನ್ನ ಪುಸ್ತಕಕ್ಕಾಗಿ ಹೇಳ್ತಿಲ್ಲ."

"ಇಲ್ಲ."

"ಮತ್ತೆ?"

"ಎರಡು ಭಾಗ ಮುಗಿಯೋವರೆಗೂ ಆ ತಾಯಿ ಬೈಸ್ಕೋಬೇಕಾ? ಒಂದು ಪುಟಕ್ಕೂ ಬೇಡ, ಹಜಿಯಾ."

 ಹಜಿಯಾಗೂ ಒಬ್ಬ ದೊಡ್ಡ ಮಗನಿದ್ದ, ಅವನನ್ನು ಅವಳು ಇಂದಿಗೂ "ಆ ಮನುಷ್ಯ" ಎಂದೇ ಕರೆಯುತ್ತಿದ್ದಳು. ನೋಟ್‌ಬುಕ್ಕುಗಳನ್ನು ಒಟ್ಟುಮಾಡಿ ದಾರದಿಂದ ಕಟ್ಟಿದಳು. "ಎರಡನೇ ಭಾಗ ಯಾರೂ ಕೊಳ್ಳಲಿಲ್ಲ ಅಂದ್ರೆ ನನ್ನ ಹತ್ರ ಬಂದು ಅಳಬೇಡ. ಮನೇಲಿ ಒಂದು ಸಲ ಓದಿಸು. ಆಮೇಲೆ ಅಚ್ಚಿಗೆ."

ಮತ್ತೆ ಚಾಪೆ ಬಿತ್ತು. ದೇಲು ಬಂದಳು, ತಬಾವಾ ಬಂದಳು. "ಸಂತೇಲಿ ಓಡೋ ತಾಯಿಗೆ ಚಪ್ಪಲಿ ಸಿಕ್ತಾ?" ಎಂದು ದೇಲು ನಗಾಡಿದಳು. ಉಮ್ಮಾಳ ತಟ್ಟೆ ಅಡಿಗೆಮನೆಯ ಹಿಂದೆಯೇ ಇತ್ತು. ಬಿಲ್ಕಿ ಬೇಕೆಂದೇ ಆ ಗೋಡೆಯ ಕಡೆ ಮುಖ ಮಾಡಿ ಕೂತು, ಕಂಠ ಎತ್ತರಿಸಿ ಓದಿದಳು.

ಮೊದಲ ಅಧ್ಯಾಯ. ಮೊಲೆ ಬಿಡಿಸಿದ ಮಗುವನ್ನು ಅಜ್ಜಿ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಗಾಡಿ ಹತ್ತುತ್ತಾಳೆ. ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ. ತಾಯಿ ಅಳಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಮನೆ ಖಾಲಿಯಾದ ಒಂದು ಹೊತ್ತಿನಲ್ಲಿ ಅವಳು ಒಲೆಯ ಉರಿ ತಗ್ಗಿಸಿ, ಹಿಟ್ಟಿನ ಚೂರನ್ನು ತನ್ನ ಕಿರುಬೆರಳಿನ ತುದಿಗೆ ಸುತ್ತಿ, ಅದೂ ದೊಡ್ಡದಾಯಿತೆಂದು ಮತ್ತೆ ಸುತ್ತುತ್ತಾಳೆ.

 ಹಾಲಿನವಳ ಬುರುಡೆ ಬಂದಾಗ ದೇಲು, "ಹಾಗಿತ್ತಾ," ಎಂದಳು. "ಅಯ್ಯೋ, ನಾನು ಎಷ್ಟು ಬೈದುಬಿಟ್ಟೆ ಅವಳನ್ನ."

"ಸವತೀನೂ ತರಿಸ್ತೀನಿ ಅಂದೆ ನೀನು," ಎಂದಳು ತಬಾವಾ.

"ನೀನು ಮೇಕೆ ಅಂದ್ಯಲ್ಲ."

"ಮೇಕೆಗೆ ಹೋಲಿಸಿದ್ದು. ಮೇಕೆ ಅನ್ನಲಿಲ್ಲ." ತಬಾವಾ ಹೆಣೆಯುತ್ತಿದ್ದ ಜಡೆಯನ್ನು ಬಿಟ್ಟು ಕಣ್ಣೊರೆಸಿಕೊಂಡಳು. "ನಾನು ನನ್ನ ದೊಡ್ಡವಳಿಗೆ ಉಪ್ಪಿನ ಮೂಟೇಲಿ ಇಟ್ಟು ಮಣಿಸರ ಕಳಿಸಿದ್ದೆ. 'ಉಪ್ಪಲ್ಲಿ ಏನೋ ಸಿಕ್ತು' ಅಂತ ಅವಳನ್ನ ಸಾಕಿದ ನಮ್ಮತ್ತೆ ಅಂದರಂತೆ. ಇವತ್ತಿಗೂ ಅವಳಿಗೆ ಗೊತ್ತಿಲ್ಲ."

ಅಧ್ಯಾಯ ಮುಗಿಯುವ ಹೊತ್ತಿಗೆ ಉಮ್ಮಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ತಟ್ಟೆ. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಪರದೆಯ ಸೀಳಿನಲ್ಲಿ ಲಾರೈ ಮಾತ್ರ ನೋಡಿದ್ದಳು. ತಬಾವಾ ಸರಿದು ಜಾಗ ಕೊಟ್ಟಳು. ಉಮ್ಮಾ ಕೂರಲಿಲ್ಲ.

ಹೆಂಗಸರು ಹೊರಟುಹೋದ ಮೇಲೆ ಅವಳು ಬೇವಿನ ನೆರಳಿಗೆ ಬಂದು, ತಟ್ಟೆಯನ್ನು ಹಳೆಯ ಜಾಗದಲ್ಲಿ ಇಟ್ಟು ಕೂತಳು.

"ಬಿಲ್ಕಿ."

"ಏನುಮ್ಮಾ."

"ಅದರಲ್ಲಿ ಒಂದು ಮಾತಿದೆ. ಗಾಡಿ ಹೊರಟಾಗ ತಾಯಿ ಅಳಲಿಲ್ಲ, ಅಂತ." ಹಿಟ್ಟನ್ನು ಮುರಿದಳು. "ಅದನ್ನ ತೆಗೆಯೋಕೆ ಹೇಳು."

ಬಿಲ್ಕಿ ಪರದೆಯ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. "ಅತ್ತಳು ಅಂತ ಬರೀಬೇಕಾ?"

"ನಾನು ಹಾಗೆ ಹೇಳಿದ್ನಾ?"

"ಇಲ್ಲ. ಮತ್ತೆ ಅಲ್ಲಿ ಏನು ಹಾಕ್ಬೇಕು?"

"ಏನೂ ಬೇಡ. ತೆಗೆದರೆ ಸಾಕು."

ಪರದೆ ಸರಿಯಿತು. ಲಾರೈ ಪೆನ್ನು ಹಿಡಿದು ಹೊರಗೆ ಬಂದು ಚಾಪೆಯ ಮೇಲೆ ಕೂತಳು. ದೂರದ ತುದಿಯಲ್ಲಲ್ಲ, ಉಮ್ಮಾಳ ತಟ್ಟೆಯ ಪಕ್ಕದಲ್ಲೇ. ತಲೆ ಎತ್ತಲಿಲ್ಲ. ಬಿಲ್ಕಿಯ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು, ಆ ಎರಡು ಪದಗಳ ಮೇಲೆ ಒಂದು ಗೆರೆ ಎಳೆದಳು. ಅದು ಸಾಲದೆಂದು ಇನ್ನೊಂದು ಎಳೆದಳು. ಪುಸ್ತಕವನ್ನು ತಂಗಿಗೆ ಹಿಂದಕ್ಕೆ ಕೊಟ್ಟಳು.

ಉಮ್ಮಾ ಹಿಟ್ಟು ಹೊಸೆಯುತ್ತಲೇ ಇದ್ದಳು.

"ಓದು ನೋಡೋಣ, ಹೇಗಾಯ್ತು ಅಂತ."

ಬಿಲ್ಕಿ ಓದಿದಳು, ಈ ಸಲ ಆಡಿ ತೋರಿಸದೆ, ಸುಮ್ಮನೆ. "ತಾಯಿ ಬಾಗಿಲಲ್ಲಿ ನಿಂತಿದ್ದಳು." ಗೆರೆ ಎಳೆದ ಕಡೆ ಅವಳ ದನಿ ತಾನಾಗಿ ನಿಂತಿತು. "ಗಾಡಿ ತಿರುವಿನಲ್ಲಿ ಮರೆಯಾಯಿತು."

"ಹ್ಞೂಂ," ಎಂದಳು ಉಮ್ಮಾ. "ಈಗ ಮುಂದಕ್ಕೆ ಓದು. ಹುಡುಗಿ ಬಾವಿಗೆ ಯಾಕೆ ಇಣುಕಿದಳು, ಅದನ್ನ ನಾನು ಸರಿಯಾಗಿ ಕೇಳಿಲ್ಲ."